ಮೆಕಾಂಗ್ ದಡದಲ್ಲಿ ಬೆನ್ನುಚೀಲ ಇಳಿಸಿದವರು

ಥಾಯ್ಲೆಂಡಿನ ಉತ್ತರ ಗಡಿಯಲ್ಲಿ ಚಿಯಾಂಗ್ ಖೋಂಗ್ ಎಂಬ ಪುಟ್ಟ ಊರಿದೆ. ಅದರ ಮಗ್ಗುಲಲ್ಲೇ ಮೆಕಾಂಗ್ ನದಿ ಹರಿಯುತ್ತದೆ. ನದಿಯ ಮೇಲೆ 2013ರ ಡಿಸೆಂಬರಿನಲ್ಲಿ ತೆರೆದ ಸೇತುವೆಯನ್ನು ದಾಟಿದರೆ ಲಾವೋಸ್. ಬೆನ್ನಿಗೊಂದು ಚೀಲ ಹಾಕಿಕೊಂಡ ಗಂಡ-ಹೆಂಡತಿಯರು ಈ ದಾರಿಯಲ್ಲಿ ವರ್ಷವಿಡೀ ಬರುತ್ತಿರುತ್ತಾರೆ. ಗಡಿಯ ಕಚೇರಿಯಲ್ಲಿ ಫೋಟೋ ಮತ್ತು ಶುಲ್ಕ ಕೊಟ್ಟರೆ ಮೂವತ್ತು ದಿನಗಳ ಪ್ರವಾಸಿ ವೀಸಾ ಅಲ್ಲೇ ಸಿಗುತ್ತದೆ. ಭಾರತದ ಪಾಸ್‌ಪೋರ್ಟ್ ಇದ್ದವರಿಗೂ ಆ ಅನುಕೂಲವಿದೆ. ಅಂಥ ಒಂದು ಜೋಡಿಯ ಜೊತೆಯಲ್ಲಿ ನಾವೂ ಈ ಹೊತ್ತು ಆ ನಾಡನ್ನು ಸುತ್ತಿ ಬರೋಣ.

ಲಾವೋಸ್‌ಗೆ ಸಮುದ್ರವಿಲ್ಲ. ಚೀನಾ, ವಿಯೆಟ್ನಾಂ, ಕಾಂಬೋಡಿಯಾ, ಥಾಯ್ಲೆಂಡ್, ಮ್ಯಾನ್ಮಾರ್ ಈ ಐದು ದೇಶಗಳು ಅದನ್ನು ಸುತ್ತುವರಿದಿವೆ. ವಿಸ್ತೀರ್ಣ ಸುಮಾರು 2,36,800 ಚದರ ಕಿಲೋಮೀಟರ್, ಅಂದರೆ ಕರ್ನಾಟಕಕ್ಕಿಂತ ದೊಡ್ಡದು. ಜನಸಂಖ್ಯೆ ಮಾತ್ರ ಮುಕ್ಕಾಲು ಕೋಟಿಯ ಆಸುಪಾಸು. ಬೆಂಗಳೂರೊಂದರಲ್ಲೇ ಅದಕ್ಕಿಂತ ಹೆಚ್ಚು ಜನರಿದ್ದಾರೆ. ಇಷ್ಟು ಕಡಿಮೆ ಜನರಲ್ಲೂ ಸರ್ಕಾರ ಗುರುತಿಸಿರುವ ಜನಾಂಗಗಳು 50. ನದಿ ಬಯಲಿನಲ್ಲಿ ಗದ್ದೆ ಮಾಡುವ ಲಾವೋ ಜನ, ಬೆಟ್ಟದ ಇಳಿಜಾರಿನಲ್ಲಿ ಕುಮರಿ ಬೇಸಾಯ ಮಾಡುವ ಖಮು, ಹಮೊಂಗ್, ಅಖಾ ಜನ, ಹೀಗೆ ಒಂದೇ ದಿನದ ನಡಿಗೆಯಲ್ಲಿ ಎರಡು ಮೂರು ಭಾಷೆ ಕಿವಿಗೆ ಬೀಳುತ್ತವೆ. ಇಂಥ ನಾಡನ್ನು ಐದು ದಿನದಲ್ಲಿ ನೋಡಿ ಮುಗಿಸುತ್ತೇವೆ ಎಂದು ಹೊರಟವರಿಗೆ ಸಿಗುವುದು ಬರೀ ಫೋಟೋಗಳು. ಎಲ್ಲೋ ಒಂದೆಡೆ ಚೀಲ ಇಳಿಸಿ, ನಾಲ್ಕಾರು ರಾತ್ರಿ ಅಲ್ಲೇ ಮಲಗಿ ಎದ್ದವರಿಗೆ ಲಾವೋಸ್ ತನ್ನ ಮನೆಯ ಬಾಗಿಲು ತೆರೆಯುತ್ತದೆ.

ಸೇತುವೆಯಾಚೆಯ ಲಾವೋಸ್ ಊರು ಹುವಾಯ್ ಸಾಯ್‌ನಲ್ಲಿ ಈ ಜೋಡಿ ಮೊದಲು ಒಂದು ತೀರ್ಮಾನಕ್ಕೆ ಬರಬೇಕು. ಮುಂದಿನ ನಿಲ್ದಾಣವಾದ ಲುವಾಂಗ್ ಪ್ರಬಾಂಗ್ ಊರಿಗೆ ಬಸ್ಸಿದೆ. ದೋಣಿಯೂ ಇದೆ, ಆದರೆ ದೋಣಿಗೆ ಎರಡು ಹಗಲು ಬೇಕು. ದೋಣಿಯನ್ನು ಆರಿಸಿಕೊಂಡವರು ಜಾಣರು. ಉದ್ದನೆಯ ಮರದ ದೋಣಿ, ಮೇಲೊಂದು ಚಾವಣಿ, ಕೂರಲು ಹಳೆಯ ವ್ಯಾನುಗಳಿಂದ ಕಿತ್ತು ತಂದ ಸೀಟುಗಳು. ಹಿಂಭಾಗದಲ್ಲಿ ಎಂಜಿನ್ನು, ಅದರ ಪಕ್ಕದಲ್ಲೇ ದೋಣಿಯವರ ಸಂಸಾರ. ಅಲ್ಲೇ ಒಲೆ, ಅಲ್ಲೇ ಒಗೆದ ಬಟ್ಟೆ, ಅಲ್ಲೇ ಮಗುವಿನ ನಿದ್ದೆ. ಪ್ರವಾಸಿಗರ ಚೀಲಗಳ ಜೊತೆಗೆ ಅಕ್ಕಿ ಮೂಟೆ, ಕೋಳಿ, ಒಮ್ಮೊಮ್ಮೆ ಮೋಟಾರ್ ಸೈಕಲ್ ಕೂಡ ಹತ್ತುತ್ತದೆ. ಹಳ್ಳಿಯೊಂದರ ಮರಳ ದಂಡೆಗೆ ದೋಣಿಯ ಮೂತಿ ತಾಗಿಸಿ ಒಬ್ಬ ಅಜ್ಜಿಯನ್ನು ಇಳಿಸಿ ಮುಂದೆ ಹೋಗುತ್ತಾರೆ. ಬೇಸಿಗೆಯಲ್ಲಿ ನೀರು ಇಳಿದಾಗ ಅದೇ ದಂಡೆಯ ಮೆಕ್ಕಲು ಮಣ್ಣಿನಲ್ಲಿ ಶೇಂಗಾ, ತರಕಾರಿ ಬೆಳೆದಿರುತ್ತಾರೆ. ಮಳೆಗಾಲದಲ್ಲಿ ಆ ತೋಟವನ್ನೆಲ್ಲ ನದಿ ವಾಪಸ್ಸು ತೆಗೆದುಕೊಳ್ಳುತ್ತದೆ. ಮೊದಲ ರಾತ್ರಿಗೆ ಪಾಕ್‌ಬೆಂಗ್ ಎಂಬ ಊರಿನಲ್ಲಿ ತಂಗಿ, ಬೆಳಗಿನ ಮಂಜಿನಲ್ಲಿ ಮತ್ತೆ ಹೊರಡಬೇಕು.

ಎರಡನೆಯ ದಿನ ಸಂಜೆಯ ಹೊತ್ತಿಗೆ ಎಡಗಡೆಯಿಂದ ನಾಮ್ ಊ ನದಿ ಬಂದು ಸೇರುವ ಜಾಗ ಕಾಣುತ್ತದೆ. ಎದುರಿನ ಬಂಡೆಯಲ್ಲಿ ಪಾಕ್ ಊ ಗುಹೆಗಳು. ಭಕ್ತರು ತಲೆಮಾರುಗಳಿಂದ ತಂದಿಟ್ಟ ಸಾವಿರಾರು ಬುದ್ಧನ ಮೂರ್ತಿಗಳು ಅಲ್ಲಿವೆ. ಅದೇ ಆಸುಪಾಸಿನಲ್ಲಿ ಈಗ ಮೆಕಾಂಗ್‌ಗೆ ಅಡ್ಡಲಾಗಿ 1,460 ಮೆಗಾವಾಟ್ ಸಾಮರ್ಥ್ಯದ ಅಣೆಕಟ್ಟು ಏಳುತ್ತಿದೆ. ಕೆಳಗಡೆ ಶಾಯಬುರಿ ಅಣೆಕಟ್ಟು 2019ರಿಂದಲೇ ವಿದ್ಯುತ್ ತಯಾರಿಸುತ್ತಿದೆ. ಅದರಲ್ಲಿ ಬಹುಪಾಲು ಗಡಿ ದಾಟಿ ಥಾಯ್ಲೆಂಡಿಗೆ ಹೋಗುತ್ತದೆ. ದೋಣಿಯಲ್ಲಿ ಕೂತವರಿಗೆ ಗುಹೆ ಮತ್ತು ಕಾಂಕ್ರೀಟು ಹೆಚ್ಚು ದೂರವಿಲ್ಲದೆ ಒಂದರ ಹಿಂದೆ ಒಂದು ಸಿಗುತ್ತವೆ. ಬಡ ದೇಶಕ್ಕೆ ಆದಾಯ ಬೇಕು ನಿಜ. ಆದರೆ ಮೀನಿನ ವಲಸೆ, ಮೆಕ್ಕಲು ಮಣ್ಣು, ದಂಡೆಯ ತೋಟ ಇವುಗಳ ಲೆಕ್ಕವನ್ನು ವಿದ್ಯುತ್ತಿನ ಬಿಲ್ಲಿನಲ್ಲಿ ಯಾರೂ ಬರೆಯುವುದಿಲ್ಲ.

ಲುವಾಂಗ್ ಪ್ರಬಾಂಗ್ ಹಳೆಯ ರಾಜಧಾನಿ. 1353ರಲ್ಲಿ ಫಾ ಙುಮ್ ಎಂಬ ದೊರೆ ಇಲ್ಲಿ ಲಾನ್ ಶಾಂಗ್ ರಾಜ್ಯವನ್ನು ಕಟ್ಟಿದ. ಎರಡು ಶತಮಾನಗಳ ನಂತರ ಸೆತ್ತತಿರಾತ್ ದೊರೆ ಆಡಳಿತವನ್ನು ಇಂದಿನ ರಾಜಧಾನಿ ವಿಯೆಂಟಿಯಾನ್‌ಗೆ ಒಯ್ದರೂ, ಅದೇ ಕಾಲದಲ್ಲಿ ಇಲ್ಲಿ ಕಟ್ಟಿಸಿದ ವಾಟ್ ಶಿಯೆಂಗ್ ಥೋಂಗ್ ದೇವಾಲಯ ಇಂದಿಗೂ ಊರಿನ ಮೂಗುತಿ. ನೆಲವನ್ನು ಮುಟ್ಟುವಂತೆ ಇಳಿದು ಬಂದ ಅದರ ಮೂರು ಪದರದ ಚಾವಣಿ, ಹಿಂಗೋಡೆಯಲ್ಲಿ ಬಣ್ಣದ ಗಾಜಿನ ಚೂರುಗಳಿಂದ ಮೂಡಿದ ಮರ, ಇವುಗಳ ಮುಂದೆ ಒಂದು ಬೆಳಗನ್ನು ಕಳೆಯಬಹುದು. ಫ್ರೆಂಚರು ಆಳಿದ ಕಾಲದ ಹಂಚಿನ ಮನೆಗಳು, ಮರದ ಲಾವೋ ಮನೆಗಳು, ಬೌದ್ಧ ವಿಹಾರಗಳು ಒಂದೇ ಬೀದಿಯಲ್ಲಿ ಹೆಗಲಿಗೆ ಹೆಗಲು ಕೊಟ್ಟು ನಿಂತಿರುವುದಕ್ಕಾಗಿಯೇ ಯುನೆಸ್ಕೋ 1995ರಲ್ಲಿ ಈ ಊರನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು.

ನಸುಕಿನಲ್ಲಿ ಭಿಕ್ಷುಗಳು ಬರಿಗಾಲಿನಲ್ಲಿ, ಹೆಗಲಿಗೆ ಪಾತ್ರೆ ತೂಗಿಕೊಂಡು, ಸಾಲಾಗಿ ಬೀದಿಗೆ ಇಳಿಯುತ್ತಾರೆ. ಚಾಪೆಯ ಮೇಲೆ ಮಂಡಿಯೂರಿದ ಹೆಂಗಸರು ಪ್ರತಿ ಪಾತ್ರೆಗೂ ಒಂದೊಂದು ಚಿಟಿಕೆ ಬಿಸಿ ಅನ್ನ ಹಾಕುತ್ತಾರೆ. ಮಾತಿಲ್ಲ. ಇದು ನೂರಾರು ವರ್ಷಗಳಿಂದ ನಡೆದು ಬಂದ ನಿತ್ಯವ್ರತ. ದುಃಖದ ಸಂಗತಿಯೆಂದರೆ ಮುಖ್ಯ ಬೀದಿಯಲ್ಲಿ ಈಗ ಭಿಕ್ಷುಗಳ ಮುಖಕ್ಕೆ ಫ್ಲಾಶ್ ಹೊಡೆಯುವವರೂ, ಸಾಲಿನ ನಡುವೆ ನುಗ್ಗಿ ಫೋಟೋ ತೆಗೆಸಿಕೊಳ್ಳುವವರೂ ತುಂಬಿದ್ದಾರೆ. ನಿಯಮಗಳು ಸರಳ. ದೂರ ನಿಲ್ಲಬೇಕು, ಹೆಗಲು ಮತ್ತು ಮೊಣಕಾಲು ಮುಚ್ಚುವ ಬಟ್ಟೆ ತೊಡಬೇಕು, ಫ್ಲಾಶ್ ಬಳಸಬಾರದು, ಹೆಂಗಸರು ಭಿಕ್ಷುಗಳನ್ನು ಮುಟ್ಟಬಾರದು. ಭಿಕ್ಷೆ ನೀಡುವ ಶ್ರದ್ಧೆ ನಿಜವಾಗಿಯೂ ಇದ್ದರೆ ಮಾತ್ರ ಮುಂದೆ ಬರಬೇಕು. ನಮ್ಮ ಜೋಡಿ ಮುಖ್ಯ ಬೀದಿ ಬಿಟ್ಟು ಹಿಂದಿನ ಗಲ್ಲಿಯೊಂದರ ಎದುರು ಬದಿಗೆ ನಿಲ್ಲುತ್ತದೆ, ಕ್ಯಾಮರಾ ಚೀಲದಲ್ಲೇ ಇರುತ್ತದೆ.

ಹಗಲಿನಲ್ಲಿ ಮಾಡಲು ಇಲ್ಲಿ ಬೇಕಾದಷ್ಟಿದೆ. ಊರಿನಿಂದ ಸುಮಾರು 30 ಕಿಲೋಮೀಟರ್ ದೂರದ ಕುವಾಂಗ್ ಸಿ ಜಲಪಾತದಲ್ಲಿ ಸುಣ್ಣದ ಅಂಶ ಕಟ್ಟಿಕೊಂಡು ತಾನಾಗಿಯೇ ಆದ ಕಟ್ಟೆಗಳ ಹಿಂದೆ ನೀಲಿ ನೀರು ಮೆಟ್ಟಿಲು ಮೆಟ್ಟಿಲಾಗಿ ನಿಂತಿದೆ. ಅದಕ್ಕೆ ಹೋಗುವ ದಾರಿಯಲ್ಲೇ ಕರಡಿಗಳ ರಕ್ಷಣಾ ಕೇಂದ್ರ. ಪಿತ್ತರಸಕ್ಕಾಗಿ ಪಂಜರದಲ್ಲಿಡಲು ಕಾಡಿನಿಂದ ಹಿಡಿದು ತಂದಿದ್ದ ಕರಡಿಗಳು ಅಲ್ಲಿ ಹುಲ್ಲಿನ ಮೇಲೆ ಹೊರಳಾಡುತ್ತವೆ. ಊರೊಳಗೆ ಬಿಗ್ ಬ್ರದರ್ ಮೌಸ್ ಎಂಬ ಸಂಸ್ಥೆ ಇದೆ. ಲಾವೋ ಭಾಷೆಯಲ್ಲಿ ಮಕ್ಕಳ ಪುಸ್ತಕಗಳೇ ಅಪರೂಪವಾಗಿದ್ದ ನಾಡಿನಲ್ಲಿ ಅಂಥ ಪುಸ್ತಕ ಮುದ್ರಿಸಿ ಹಳ್ಳಿ ಶಾಲೆಗಳಿಗೆ ತಲುಪಿಸುವುದು ಅದರ ಕೆಲಸ. ಇಂಗ್ಲಿಷ್ ಮಾತಾಡುವುದನ್ನು ಕಲಿಯಲು ಅಲ್ಲಿಗೆ ಬರುವ ಹುಡುಗರ ಜೊತೆ ಯಾವ ಪ್ರವಾಸಿ ಬೇಕಾದರೂ ಹೋಗಿ ಕೂರಬಹುದು. ಎರಡು ಗಂಟೆ ಹರಟೆಯಲ್ಲಿ ಹುಡುಗರು ಇಂಗ್ಲಿಷ್ ಕಲಿಯುತ್ತಾರೆ. ಬಂದವರು ಹುಡುಗರ ಊರು, ಭತ್ತದ ಬೆಲೆ, ತಂಗಿಯ ಮದುವೆ ಎಲ್ಲವನ್ನೂ ತಿಳಿದುಕೊಳ್ಳುತ್ತಾರೆ.

ನದಿಯಾಚೆಗೂ ಊರಿನ ಹೊರವಲಯಕ್ಕೂ ನಡೆದರೆ ಮಗ್ಗದ ಸದ್ದು. ಲಾವೋ ಹೆಂಗಸರು ಉಡುವ ಸಿನ್ ಎಂಬ ಲುಂಗಿಯಂಥ ಉಡುಗೆಯ ಅಂಚಿನಲ್ಲಿ ನಾಗ, ಹೂವು, ವಜ್ರಾಕಾರದ ಚಿತ್ತಾರ ಇರುತ್ತದೆ. ಮಗ್ಗದ ಮೇಲೆ ಇಳಿಬಿದ್ದ ನೂಲಿನ ಉದ್ದನೆಯ ಪರದೆಯಲ್ಲಿ ಆ ಚಿತ್ತಾರದ ಒಂದೊಂದು ಸಾಲನ್ನೂ ಒಂದೊಂದು ದಾರದಿಂದ ಕಟ್ಟಿಟ್ಟಿರುತ್ತಾರೆ. ನೇಯುವಾಕೆ ಆ ದಾರವನ್ನು ಎತ್ತಿ, ಹಾಸಿನ ಎಳೆಗಳನ್ನು ಬೇರ್ಪಡಿಸಿ, ಬಣ್ಣದ ಹೊಕ್ಕನ್ನು ತೂರಿಸುತ್ತಾಳೆ. ಮುಂದಿನ ದಾರ, ಮುಂದಿನ ಸಾಲು. ತಾಯಿ ಕಟ್ಟಿಟ್ಟ ಚಿತ್ತಾರ ಮಗಳ ಮಗ್ಗಕ್ಕೆ ಹಾಗೆಯೇ ಬರುತ್ತದೆ. ಲಾವೋ ಜನರ ನಾಗ ಚಿತ್ತಾರದ ನೇಯ್ಗೆಯನ್ನು ಯುನೆಸ್ಕೋ 2023ರಲ್ಲಿ ಅಮೂರ್ತ ಪರಂಪರೆಯ ಪಟ್ಟಿಗೆ ಸೇರಿಸಿದೆ. ಬಿದಿರ ಕೊಳವೆಗಳನ್ನು ಜೋಡಿಸಿ ಮಾಡಿದ ಖೇನ್ ವಾದ್ಯಕ್ಕೆ ಆ ಮನ್ನಣೆ 2017ರಲ್ಲೇ ಸಿಕ್ಕಿತ್ತು.

ಆದರೂ ಲಾವೋಸನ್ನು ಹತ್ತಿರದಿಂದ ಕಾಣಬೇಕಾದರೆ ಊರು ಬಿಟ್ಟು ಹಳ್ಳಿಗೆ ಹೋಗಬೇಕು. ನಾಮ್ ಊ ನದಿಯ ಮೇಲ್ದಂಡೆಯ ನೋಂಗ್ ಖಿಯಾವ್‌ಗೆ ಹಿಂದೆ ಲುವಾಂಗ್ ಪ್ರಬಾಂಗ್‌ನಿಂದ ದೋಣಿಯಲ್ಲೇ ಹೋಗುತ್ತಿದ್ದರು. ಚೀನಾದ ಕಂಪನಿಯೊಂದು ಆ ನದಿಯೊಂದಕ್ಕೇ ಏಳು ಅಣೆಕಟ್ಟು ಕಟ್ಟಿದ ಮೇಲೆ ಆ ಯಾನ ನಿಂತಿದೆ. ಈಗ ವ್ಯಾನಿನಲ್ಲಿ ಹೋಗಬೇಕು. ಹೋದ ಮೇಲೆ ಆಯಾಸ ಮರೆತು ಹೋಗುತ್ತದೆ. ಎರಡೂ ಕಡೆ ಸುಣ್ಣಕಲ್ಲಿನ ಕಡಿದಾದ ಬೆಟ್ಟಗಳು, ನಡುವೆ ಹಸಿರು ನೀರು, ಅದರ ಮೇಲೊಂದು ಸೇತುವೆ. ಅಲ್ಲಿಂದ ಮುಂದಕ್ಕೆ ಮುವಾಂಗ್ ಙೋಯ್‌ವರೆಗಿನ ಒಂದು ಗಂಟೆಯ ದೋಣಿ ಪಯಣ ಇನ್ನೂ ಉಳಿದಿದೆ.

ಮುವಾಂಗ್ ಙೋಯ್‌ನಲ್ಲಿ ಇರುವುದು ಒಂದೇ ಬೀದಿ. ಒಂದು ತುದಿಯಲ್ಲಿ ವಿಹಾರ, ಉದ್ದಕ್ಕೂ ಮನೆಗಳು, ನದಿಯ ಕಡೆಗೆ ಬಿದಿರಿನ ಕೋಣೆಗಳು, ಮುಂದೆ ಕಟ್ಟಿದ ತೂಗುಮಂಚ. ಹತ್ತು ಹದಿನೈದು ವರ್ಷಗಳ ಹಿಂದೆ ಇಲ್ಲಿ ಸಂಜೆ ಕೆಲವು ಗಂಟೆ ಮಾತ್ರ ಜನರೇಟರಿನ ಬೆಳಕಿತ್ತು. ನಮ್ಮ ಜೋಡಿ ಚೀಲ ಇಳಿಸುವುದು ಇಲ್ಲೇ. ಸೊಳ್ಳೆಪರದೆಯೊಳಗಿನ ನಿದ್ದೆಯನ್ನು ನಾಲ್ಕು ಗಂಟೆಗೇ ಊರಿನ ಹುಂಜಗಳು ಕಸಿದುಕೊಳ್ಳುತ್ತವೆ. ಎದ್ದು ಕೆಳಗಿಳಿದರೆ ಮನೆಯೊಡತಿ ಆಗಲೇ ಒಲೆಯ ಮುಂದೆ.

ಆಕೆ ಮಾಡುತ್ತಿರುವುದು ಅಂಟಕ್ಕಿ ಅನ್ನ, ಲಾವೋ ಬಾಯಲ್ಲಿ ಖಾವ್ ನಿಯಾವ್. ಅಕ್ಕಿಯನ್ನು ರಾತ್ರಿಯೇ ನೆನೆಹಾಕಿರುತ್ತಾರೆ. ಬೆಳಗ್ಗೆ ಅದನ್ನು ಬಸಿದು, ಕೆಳಗೆ ಚೂಪಾಗಿ ಮೇಲೆ ಅಗಲವಾಗಿರುವ ಬಿದಿರ ಬುಟ್ಟಿಗೆ ಸುರಿದು, ಕುದಿಯುವ ನೀರಿರುವ ಕೊಡದಾಕಾರದ ಪಾತ್ರೆಯ ಬಾಯಿಗೆ ಕೂರಿಸುತ್ತಾರೆ. ಅಕ್ಕಿಗೆ ನೀರು ತಾಕುವುದಿಲ್ಲ, ಹಬೆ ಮಾತ್ರ. ಅರ್ಧ ಬೆಂದಾಗ ಆಕೆ ಬುಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಒಂದು ಸಲ ಝಾಡಿಸುತ್ತಾಳೆ. ಅನ್ನ ಇಡಿಯಾಗಿ ಗಾಳಿಯಲ್ಲಿ ಮಗುಚಿ, ಕೆಳಗಿದ್ದದ್ದು ಮೇಲಕ್ಕೆ ಬಂದು ಕೂರುತ್ತದೆ. ಒಂದು ಅಗುಳೂ ಹೊರಗೆ ಬೀಳುವುದಿಲ್ಲ. ಬೆಂದ ಅನ್ನವನ್ನು ಮರದ ಹಲಗೆಯ ಮೇಲೆ ಹರಡಿ, ಮರದ ಸೌಟಿನಿಂದ ಮಡಿಸಿ ಮಡಿಸಿ ಹಬೆ ಹೋಗಲು ಬಿಡುತ್ತಾಳೆ. ಇಲ್ಲದಿದ್ದರೆ ಬುಟ್ಟಿಯೊಳಗೆ ಬೆವೆತು ಮೆತ್ತಗಾಗುತ್ತದೆ. ಆಮೇಲೆ ಮುಚ್ಚಳವಿರುವ ಸಣ್ಣ ಬುಟ್ಟಿಗಳಿಗೆ ತುಂಬಿದರೆ ಮನೆಯವರ ಊಟಕ್ಕೂ ಆಯಿತು, ಗದ್ದೆಗೆ ಹೋಗುವವರ ಬುತ್ತಿಗೂ ಆಯಿತು.

ಊಟಕ್ಕೆ ಚಮಚ ಬೇಕಿಲ್ಲ. ಬುಟ್ಟಿಯಿಂದ ಒಂದು ತುತ್ತು ಕಿತ್ತು, ಬೆರಳುಗಳಲ್ಲೇ ಉಂಡೆ ಮಾಡಿ, ಸುಟ್ಟ ಮೆಣಸಿನಕಾಯಿ ಬೆಳ್ಳುಳ್ಳಿ ಕುಟ್ಟಿ ಮಾಡಿದ ಚಟ್ನಿಗೆ ಅದ್ದಿ ಬಾಯಿಗಿಡುವುದು. ರಾಗಿ ಮುದ್ದೆಯನ್ನು ಮುರಿದು ಸಾರಿಗೆ ಅದ್ದಿ ಉಂಡವರ ಕೈಗೆ ಇದು ತಟ್ಟನೆ ಒಗ್ಗುತ್ತದೆ. ಮುದ್ದೆಯನ್ನು ನುಂಗಬೇಕು, ಇದನ್ನು ಅಗಿಯಬೇಕು, ಅಷ್ಟೇ ವ್ಯತ್ಯಾಸ. ಜೊತೆಗೆ ಹಸಿ ಪರಂಗಿಕಾಯಿಯ ಎಳೆಗಳನ್ನು ಕುಟ್ಟಾಣಿಯಲ್ಲಿ ಹುಳಿ ಖಾರದೊಂದಿಗೆ ಜಜ್ಜಿದ ಪಲ್ಯ, ಪುದೀನ ಮತ್ತು ಹುರಿದ ಅಕ್ಕಿಪುಡಿ ಬೆರೆಸಿದ ಲಾಪ್ ಎಂಬ ಮಾಂಸದ ಅಡುಗೆ. ಚಳಿಗಾಲದಲ್ಲಿ ಹೊಳೆಯ ಕಲ್ಲುಗಳ ಮೇಲಿನ ಪಾಚಿಯನ್ನು ಕಿತ್ತು, ತೊಳೆದು, ಎಳ್ಳು ಟೊಮೆಟೊ ಬೆಳ್ಳುಳ್ಳಿ ಉದುರಿಸಿ, ಹಾಳೆಯಂತೆ ಹರಡಿ ಒಣಗಿಸುತ್ತಾರೆ. ಎಣ್ಣೆಯಲ್ಲಿ ಕರಿದರೆ ಹಪ್ಪಳದಷ್ಟೇ ಗರಿಗರಿ. ಸಸ್ಯಾಹಾರಿಗಳು ಒಂದು ಮಾತು ನೆನಪಿಡಬೇಕು. ಪಾಡೇಕ್ ಎಂಬ ಹುಳಿಬರಿಸಿದ ಮೀನಿನ ರಸ ತರಕಾರಿಯ ಅಡುಗೆಗೂ ಬೀಳುತ್ತದೆ. ಅದು ಬೇಡವೆಂದು ಮೊದಲೇ ಹೇಳಬೇಕು. ಹೇಳಿದರೆ ಯಾರೂ ಬೇಸರಿಸುವುದಿಲ್ಲ.

ಹಳ್ಳಿಯಿಂದ ಹಳ್ಳಿಗೆ ನಡೆಯುವುದೇ ಇಲ್ಲಿಯ ದೊಡ್ಡ ಸುಖ. ಮುವಾಂಗ್ ಙೋಯ್‌ನ ಬೀದಿ ಮುಗಿದಲ್ಲಿಂದ ಕಾಲುದಾರಿ ಹೊರಟು, ಒಂದು ಗುಹೆಯನ್ನು ಹಾದು, ತೊರೆ ದಾಟಿ, ಗದ್ದೆಯ ಬದುಗಳ ಮೇಲೆ ಸಾಗಿ ಬಾನ್ ನಾ ಎಂಬ ಹಳ್ಳಿಗೆ ತಲುಪಿಸುತ್ತದೆ. ಇಂಥ ಹಳ್ಳಿಗಳಲ್ಲಿ ತಂಗಬೇಕಾದರೆ ಮೊದಲು ಊರಿನ ಮುಖ್ಯಸ್ಥನನ್ನು ಕಾಣುವುದು ಪದ್ಧತಿ. ಜೋಡಿಯಾಗಿ ಬಂದವರು ತಿಳಿದಿರಬೇಕಾದ ಇನ್ನೊಂದು ಸಂಗತಿಯಿದೆ. ಮನೆಯ ದೈವಗಳಿಗೆ ಮೈಲಿಗೆಯಾಗಬಾರದೆಂದು ಕೆಲವು ಬುಡಕಟ್ಟು ಹಳ್ಳಿಗಳಲ್ಲಿ ಅತಿಥಿಗಳಾಗಿ ಬಂದ ಗಂಡ-ಹೆಂಡತಿಯೂ ಬೇರೆ ಬೇರೆ ಮಲಗಬೇಕು. ಬೀದಿಯಲ್ಲಿ ಅಪ್ಪಿಕೊಳ್ಳುವುದನ್ನೂ ಮುದ್ದಿಡುವುದನ್ನೂ ಜನ ಮೆಚ್ಚುವುದಿಲ್ಲ. ಅಖಾ ಹಳ್ಳಿಯ ಹೆಬ್ಬಾಗಿಲಿನಲ್ಲಿ ಮರದಲ್ಲಿ ಕಟ್ಟಿದ ದೈವದ ದ್ವಾರ ಇರುತ್ತದೆ. ಅದನ್ನು ಹೊರಗಿನವರು ಮುಟ್ಟಲೇಬಾರದು. ಇವೆಲ್ಲ ಕಟ್ಟುಪಾಡುಗಳು ಎಂದು ಗೊಣಗುವವರೂ ಇದ್ದಾರೆ. ಇನ್ನೊಬ್ಬರ ಮನೆಯೊಳಗೆ ಕಾಲಿಟ್ಟಾಗ ಆ ಮನೆಯ ರೀತಿಯಂತೆ ನಡೆಯುವುದರಲ್ಲಿ ಗೊಣಗುವುದೇನಿದೆ?

ಅದೃಷ್ಟವಿದ್ದರೆ ಆ ಮನೆಯವರು ಅತಿಥಿಗಳಿಗಾಗಿ ಬಾಸಿ ಎಂಬ ಶಾಸ್ತ್ರ ಮಾಡುತ್ತಾರೆ. ಮನುಷ್ಯನ ಮೈಯನ್ನು 32 ಜೀವಶಕ್ತಿಗಳು ಕಾಯುತ್ತವೆಂದೂ, ಪಯಣ, ಕಾಯಿಲೆ, ಮದುವೆ, ಹೆರಿಗೆಯಂಥ ಹೊತ್ತಿನಲ್ಲಿ ಅವು ಚದುರಿಹೋಗುತ್ತವೆಂದೂ, ಅವನ್ನು ಮತ್ತೆ ಕರೆದು ಮೈಗೆ ಸೇರಿಸಬೇಕೆಂದೂ ಲಾವೋ ನಂಬಿಕೆ. ನಡುಮನೆಯಲ್ಲಿ ಬಾಳೆಎಲೆಯನ್ನು ಗೋಪುರದಂತೆ ಸುತ್ತಿ ಚೆಂಡುಹೂ ಸಿಕ್ಕಿಸಿದ ತಟ್ಟೆ. ಅದರ ಕಡ್ಡಿಗಳಿಂದ ಬಿಳಿಯ ಹತ್ತಿಯ ದಾರಗಳು ಇಳಿಬಿದ್ದಿರುತ್ತವೆ. ಬುಡದಲ್ಲಿ ಬೇಯಿಸಿದ ಮೊಟ್ಟೆ, ಅನ್ನ, ಅಕ್ಕಿಯ ಸಾರಾಯಿ. ಊರಿನ ಹಿರಿಯನೊಬ್ಬ ಮಂತ್ರ ಹೇಳುತ್ತಾನೆ. ತಟ್ಟೆಯನ್ನು ಮುಟ್ಟಲು ಎಟುಕದವರು ಮುಂದೆ ಕೂತವರ ಮೊಣಕೈ ಮುಟ್ಟಿ ಕೂರುತ್ತಾರೆ. ಮಂತ್ರ ಮುಗಿದ ಮೇಲೆ ಒಬ್ಬೊಬ್ಬರಾಗಿ ಬಂದು ಗಂಡನ ಕೈಗೆ, ಹೆಂಡತಿಯ ಕೈಗೆ ದಾರ ಕಟ್ಟುತ್ತಾರೆ. ಕಟ್ಟುವ ಮೊದಲು ದಾರದ ತುದಿಯಿಂದ ಅಂಗೈಯ ಹಿಂಭಾಗವನ್ನು ಹೊರಕ್ಕೆ ಸವರುತ್ತಾರೆ, ಕೆಟ್ಟದ್ದು ಹೋಗಲಿ ಎಂದು. ಆಮೇಲೆ ಒಳಕ್ಕೆ ಸವರುತ್ತಾರೆ, ಒಳ್ಳೆಯದು ಬರಲಿ ಎಂದು. ಗಂಟು ಬಿಗಿಯುತ್ತಾ ಆರೋಗ್ಯ, ಮಕ್ಕಳು, ಸುಖ ಪಯಣ ಎಲ್ಲವನ್ನೂ ಹಾರೈಸುತ್ತಾರೆ. ಕಟ್ಟಿಸಿಕೊಳ್ಳುವವರು ಇನ್ನೊಂದು ಕೈಯನ್ನು ಮುಖದ ಮಟ್ಟಕ್ಕೆ ಎತ್ತಿ ಹಿಡಿಯಬೇಕು. ದಾರವನ್ನು ಕನಿಷ್ಠ ಮೂರು ದಿನ ಕೈಯಲ್ಲಿ ಇಟ್ಟುಕೊಳ್ಳಬೇಕು. ಆಮೇಲೂ ಕತ್ತರಿಸುವಂತಿಲ್ಲ, ಬಿಚ್ಚಬೇಕು.

ಈ ಚೆಂದದ ಬೆಟ್ಟಗಳಿಗೆ ಇನ್ನೊಂದು ಚರಿತ್ರೆಯೂ ಇದೆ. ನೋಂಗ್ ಖಿಯಾವ್ ಪಕ್ಕದ ಫಾ ತೋಕ್ ಗುಹೆಗೆ ಮೆಟ್ಟಿಲು ಹತ್ತಿ ಹೋದರೆ ಊರ ಜನ ವರ್ಷಗಟ್ಟಲೆ ಅಡಗಿ ಬಾಳಿದ ಜಾಗ ಕಾಣುತ್ತದೆ. 1964ರಿಂದ 1973ರವರೆಗೆ, ಯುದ್ಧವನ್ನೇ ಸಾರದೆ, ಅಮೆರಿಕದ ವಿಮಾನಗಳು ಲಾವೋಸ್ ಮೇಲೆ 5,80,000 ಸಲ ದಾಳಿ ಮಾಡಿ 20 ಲಕ್ಷ ಟನ್ನಿಗೂ ಹೆಚ್ಚು ಬಾಂಬು ಸುರಿದವು. ಅವುಗಳೊಳಗೆ ಇದ್ದ ಚೆಂಡಿನ ಗಾತ್ರದ ಮರಿಬಾಂಬುಗಳು ಸುಮಾರು 27 ಕೋಟಿ. ಅದರಲ್ಲಿ 8 ಕೋಟಿಯಷ್ಟು ಆಗ ಸಿಡಿಯಲಿಲ್ಲ. ಗದ್ದೆ ಉಳುವಾಗ, ಒಲೆ ಹಚ್ಚಿದ ನೆಲ ಬಿಸಿಯೇರಿದಾಗ, ಮಕ್ಕಳು ಆಟದ ಚೆಂಡೆಂದು ಎತ್ತಿಕೊಂಡಾಗ ಅವು ಸಿಡಿದಿವೆ. ಯುದ್ಧ ಮುಗಿದ ಮೇಲೆ ಸತ್ತವರು, ಕೈಕಾಲು ಕಳೆದುಕೊಂಡವರು 20,000ಕ್ಕೂ ಹೆಚ್ಚು. ಯುದ್ಧವನ್ನು ನೋಡಿಯೇ ಇರದ ಮಕ್ಕಳು ಅದರ ಬೆಲೆ ತೆತ್ತಿದ್ದಾರೆ ಎಂಬುದನ್ನು ಹೇಳುವಾಗ ಇಂದಿಗೂ ಎದೆ ಭಾರವಾಗುತ್ತದೆ.

ಈ ಯುದ್ಧದ ಗಾಯ ಹೆಚ್ಚಾಗಿ ಉಳಿದಿರುವ ಪ್ರಾಂತ್ಯಗಳಲ್ಲಿ ಶಿಯೆಂಗ್ ಖುವಾಂಗ್ ಒಂದು. ಅಲ್ಲಿಯ ಹುಲ್ಲುಗಾವಲುಗಳಲ್ಲಿ ಕಲ್ಲಿನ ದೊಡ್ಡ ಗುಡಾಣಗಳು ನಿಂತಿವೆ, ಕೆಲವು ಆಳೆತ್ತರಕ್ಕೂ ಮೀರಿ. ಕಬ್ಬಿಣ ಯುಗದ ಜನ ಶವಸಂಸ್ಕಾರಕ್ಕಾಗಿ ಕಡೆದು ಇಟ್ಟವು ಎಂದು ಪುರಾತತ್ವಜ್ಞರ ಅಭಿಪ್ರಾಯ. 1930ರ ದಶಕದಲ್ಲಿ ಫ್ರೆಂಚ್ ವಿದುಷಿ ಮದಲೇನ್ ಕೊಲಾನಿ ಇವನ್ನು ಅಗೆದು ಅಧ್ಯಯನ ಮಾಡಿದರು. 2019ರಲ್ಲಿ ವಿಶ್ವ ಪರಂಪರೆಯ ಮನ್ನಣೆ ಬಂತು. ಗುಡಾಣಗಳ ನಡುವೆ ಬಾಂಬು ಬಿದ್ದ ಗುಂಡಿಗಳು ಹಾಗೆಯೇ ಇವೆ. ನೆಲದಲ್ಲಿ ಹುಗಿದ ಗುರುತಿನ ಕಲ್ಲುಗಳ ಬಿಳಿಯ ಬದಿಯಲ್ಲಿ ನಡೆಯಬಹುದು, ಕೆಂಪು ಬದಿಗೆ ಕಾಲಿಡಬಾರದು. ಹತ್ತಿರದ ನಪಿಯಾ ಹಳ್ಳಿಯಲ್ಲಿ ಯುದ್ಧದ ಗುಜರಿಯಿಂದ ಬಂದ ಅಲ್ಯೂಮಿನಿಯಂ ಕರಗಿಸಿ, ಅಚ್ಚಿಗೆ ಎರೆದು ಊಟದ ಚಮಚ ಮಾಡುತ್ತಾರೆ. ವಿಯೆಂಟಿಯಾನ್‌ನಲ್ಲಿ ಕೋಪ್ ಎಂಬ ಸಂಸ್ಥೆಯ ಕೇಂದ್ರವಿದೆ. ಅಂಗ ಕಳೆದುಕೊಂಡವರಿಗೆ ಕೃತಕ ಕೈಕಾಲು ಒದಗಿಸುವ ಆ ಸಂಸ್ಥೆಯ ಅಂಗಳಕ್ಕೆ ಹೋಗದೆ ಯಾವ ಪ್ರವಾಸಿಯೂ ಈ ದೇಶ ಬಿಡಬಾರದು.

ಕಾಡಿನ ಕಥೆಯಲ್ಲೂ ನೋವಿದೆ, ಆದರೆ ಅದರಲ್ಲೊಂದು ಒಳ್ಳೆಯ ಪ್ರಯೋಗವೂ ಇದೆ. ಈಶಾನ್ಯದ ನಾಮ್ ಎಟ್-ಫೂ ಲುಯೆ ಅರಣ್ಯದಲ್ಲಿ ಹುಲಿ ಕೊನೆಯ ಬಾರಿ ಕ್ಯಾಮರಾದಲ್ಲಿ ದಾಖಲಾದದ್ದು 2013ರಲ್ಲಿ. ಆಮೇಲೆ ಅದರ ಸುಳಿವಿಲ್ಲ. ಮೋಟಾರ್ ಸೈಕಲ್ಲಿನ ತಂತಿಯಿಂದ ಮಾಡುವ ಅಗ್ಗದ ಉರುಳುಗಳೇ ಈ ಕಾಡುಗಳ ದೊಡ್ಡ ಶತ್ರು. ಲಾವೋಸ್, ವಿಯೆಟ್ನಾಂ, ಕಾಂಬೋಡಿಯಾಗಳ ರಕ್ಷಿತಾರಣ್ಯಗಳಲ್ಲಿ ಇಂಥ ಉರುಳುಗಳು 1.2 ಕೋಟಿಗೂ ಹೆಚ್ಚು ಇರಬಹುದೆಂದು ಡಬ್ಲ್ಯು.ಡಬ್ಲ್ಯು.ಎಫ್. ಸಂಸ್ಥೆ 2020ರಲ್ಲಿ ಅಂದಾಜು ಮಾಡಿತು. ಇದೇ ಅರಣ್ಯದ ನಾಮ್ ನೆರ್ನ್ ಹೊಳೆಯಲ್ಲಿ ರಾತ್ರಿ ಸಫಾರಿ ನಡೆಯುತ್ತದೆ. ಮೇಲಕ್ಕೆ ಎಂಜಿನ್ನಿನಲ್ಲಿ ಹೋದ ದೋಣಿ, ಕತ್ತಲಾದ ಮೇಲೆ ಎಂಜಿನ್ ಆರಿಸಿ, ಹರಿವಿನ ಜೊತೆಗೇ ತೇಲಿ ಬರುತ್ತದೆ. ಮುಂದೆ ಕೂತ ಮಾರ್ಗದರ್ಶಿ ಟಾರ್ಚ್ ಬಿಟ್ಟರೆ ದಂಡೆಯಲ್ಲಿ ಕಡವೆಯ ಕಣ್ಣು, ಕೊಂಬೆಯಲ್ಲಿ ಪುನುಗುಬೆಕ್ಕಿನ ಕಣ್ಣು ಹೊಳೆಯುತ್ತವೆ. ಕಂಡ ಪ್ರಾಣಿಗಳನ್ನೆಲ್ಲ ಬರೆದಿಡುತ್ತಾರೆ. ಅಪರೂಪದ ಪ್ರಾಣಿ ಕಂಡಷ್ಟೂ ಸುತ್ತಲಿನ ಹಳ್ಳಿಗಳ ನಿಧಿಗೆ ಹೆಚ್ಚು ಹಣ ಸೇರುತ್ತದೆ. ಬೇಟೆಯ ದೂರು ಬಂದರೆ ಆ ಹಳ್ಳಿಯ ಪಾಲು ಕಡಿತವಾಗುತ್ತದೆ. ಸತ್ತ ಕಡವೆಗಿಂತ ಬದುಕಿರುವ ಕಡವೆ ಊರಿಗೆ ಲಾಭ ಎಂಬುದು ಭಾಷಣವಿಲ್ಲದೆ ಮನದಟ್ಟಾಗುತ್ತದೆ. ಸಂಜೆಯ ಮಾರುಕಟ್ಟೆಯಲ್ಲಿ ಕಾಡುಪ್ರಾಣಿಯ ಮಾಂಸ ಕಂಡರೆ ಕುತೂಹಲಕ್ಕೂ ತಿನ್ನಬಾರದು. ಇದು ಪ್ರವಾಸಿಗರು ತಪ್ಪದೆ ಪಾಲಿಸಬೇಕಾದದ್ದು.

ದಕ್ಷಿಣಕ್ಕೆ ಬರುವಾಗ ಸಿಗುವ ವಾಂಗ್ ವಿಯೆಂಗ್ ಬಗ್ಗೆ ಎಚ್ಚರಿಕೆಯ ಮಾತು ಹೇಳಲೇಬೇಕು. ಬೆಟ್ಟ, ಗುಹೆ, ಹೊಳೆ ಎಲ್ಲ ಇರುವ ಈ ಚೆಲುವಾದ ಊರು ಕುಡಿದು ಟ್ಯೂಬಿನ ಮೇಲೆ ತೇಲುವ ಮೋಜಿಗೆ ಹೆಸರಾಗಿತ್ತು; ಹಲವು ಯುವಕರು ನೀರುಪಾಲಾದ ಮೇಲೆ, 2012ರಲ್ಲಿ ಸರ್ಕಾರ ಹೊಳೆದಂಡೆಯ ಬಾರುಗಳನ್ನು ಮುಚ್ಚಿಸಿತು. 2024ರ ನವೆಂಬರಿನಲ್ಲಿ ಇಲ್ಲೇ ಮೆಥನಾಲ್ ಬೆರೆತ ಮದ್ಯ ಕುಡಿದು ಆರು ವಿದೇಶಿ ಪ್ರವಾಸಿಗರು ಸತ್ತರು. ಪುಕ್ಕಟೆಯಾಗಿ ಕೊಡುವ, ಸೀಲಿಲ್ಲದ ಮದ್ಯವನ್ನು ಮುಟ್ಟಬಾರದು.

ವಾಂಗ್ ವಿಯೆಂಗ್‌ಗೂ ಲುವಾಂಗ್ ಪ್ರಬಾಂಗ್‌ಗೂ ಈಗ ರೈಲಿದೆ. ಚೀನಾದ ಗಡಿಯಿಂದ ವಿಯೆಂಟಿಯಾನ್‌ವರೆಗಿನ ಈ ಹಳಿಯನ್ನು 2021ರ ಡಿಸೆಂಬರಿನಲ್ಲಿ ತೆರೆದರು. ಲುವಾಂಗ್ ಪ್ರಬಾಂಗ್‌ನಿಂದ ರಾಜಧಾನಿಗೆ ಬೆಟ್ಟದ ತಿರುವುಗಳಲ್ಲಿ ಬಸ್ಸು ಇಡೀ ಹಗಲು ತೆಗೆದುಕೊಳ್ಳುತ್ತಿದ್ದ ದಾರಿಯನ್ನು ರೈಲು ಸುಮಾರು ಎರಡು ಗಂಟೆಯಲ್ಲಿ ಮುಗಿಸುತ್ತದೆ. ಆಸ್ಪತ್ರೆಗೆ ಹೋಗಬೇಕಾದ ಹಳ್ಳಿಯವರಿಗೆ ಇದು ವರ. ಪ್ರವಾಸಿ ಜೋಡಿಗೂ ಉಪಕಾರವೇ, ಉಳಿದ ಸಮಯವನ್ನು ಇನ್ನೊಂದು ಹಳ್ಳಿಯಲ್ಲಿ ಕಳೆಯುವುದಾದರೆ.

ಹಾಗೆ ಸಮಯ ಉಳಿದವರು ದಕ್ಷಿಣದ ಚಂಪಾಸಕ್‌ಗೆ ಹೋಗಬೇಕು. ಅಲ್ಲಿ ಬೆಟ್ಟದ ಬುಡದಲ್ಲಿ ವಾಟ್ ಫೂ ಎಂಬ ಖಮೇರ್ ಕಾಲದ ಶಿವಾಲಯವಿದೆ. ಬೆಟ್ಟದ ತುದಿಯಲ್ಲಿ ತಾನಾಗಿ ಮೂಡಿದ ಲಿಂಗಾಕಾರದ ಬಂಡೆ. ಗರ್ಭಗುಡಿಯ ಹಿಂದಿನ ಒರತೆಯ ನೀರನ್ನು ಹಿಂದೆ ಕಾಲುವೆಯಲ್ಲಿ ತಂದು ಶಿವಲಿಂಗಕ್ಕೆ ಅಭಿಷೇಕ ಮಾಡುತ್ತಿದ್ದರು. ಈಗ ಒಳಗೆ ಬುದ್ಧ ಕುಳಿತಿದ್ದಾನೆ. ಈ ಗುಡಿಯ ಕಲ್ಲುಗಳನ್ನು ಮತ್ತೆ ಜೋಡಿಸುವ ಕೆಲಸದಲ್ಲಿ ಭಾರತದ ಪುರಾತತ್ವ ಸರ್ವೇಕ್ಷಣ ಇಲಾಖೆಯವರೂ ವರ್ಷಗಳಿಂದ ದುಡಿದಿದ್ದಾರೆ. ಅಲ್ಲಿಂದ ಪೂರ್ವಕ್ಕೆ ಬೊಲವೆನ್ ಪ್ರಸ್ಥಭೂಮಿ, ತಂಪು ಹವೆ, ಫ್ರೆಂಚರು ನೆಟ್ಟ ಕಾಫಿ, ನೂರು ಮೀಟರಿಗೂ ಎತ್ತರದಿಂದ ಜೋಡಿಯಾಗಿ ಧುಮುಕುವ ಟಾಡ್ ಫಾನೆ ಜಲಪಾತ.

ಕೊನೆಗೆ, ಯಾವಾಗ ಹೋಗಬೇಕೆಂಬ ವಿಷಯ. ನವೆಂಬರಿನಿಂದ ಫೆಬ್ರವರಿವರೆಗೆ ಹವೆ ಹಿತ. ಉತ್ತರದ ಬೆಟ್ಟಗಳಲ್ಲಿ ರಾತ್ರಿ ಸ್ವೆಟರ್ ಬೇಕಾಗುತ್ತದೆ. ಮಾರ್ಚ್, ಏಪ್ರಿಲ್‌ನಲ್ಲಿ ಕುಮರಿಗೆ ಸುಡುವ ಬೆಂಕಿಯಿಂದ ಉತ್ತರವೆಲ್ಲ ಹೊಗೆಮಯ, ಉಬ್ಬಸ ಇದ್ದವರು ಹೋಗಲೇಬಾರದು. ಆದರೆ ಏಪ್ರಿಲ್ ಮಧ್ಯದಲ್ಲೇ, ತುಳುನಾಡು ಬಿಸು ಆಚರಿಸುವ ಅದೇ ಸೌರಮಾನದ ದಿನಗಳಲ್ಲಿ, ಲಾವೋ ಹೊಸವರ್ಷ ಬರುತ್ತದೆ. ಬುದ್ಧನ ಮೂರ್ತಿಗಳಿಗೆ ಪರಿಮಳದ ನೀರಿನ ಅಭಿಷೇಕ, ಬೀದಿಯಲ್ಲಿ ಎಲ್ಲರ ಮೇಲೂ ನೀರಿನ ಎರಚಾಟ. ಅಕ್ಟೋಬರಿನಲ್ಲಿ ಭಿಕ್ಷುಗಳ ಮಳೆಗಾಲದ ವ್ರತ ಮುಗಿಯುವ ಹುಣ್ಣಿಮೆಯ ಹೊತ್ತಿಗೆ ಲುವಾಂಗ್ ಪ್ರಬಾಂಗ್‌ನ ಒಂದೊಂದು ಕೇರಿಯೂ ಬಿದಿರು ಮತ್ತು ಬಣ್ಣದ ಕಾಗದದಿಂದ ದೊಡ್ಡ ದೋಣಿ ಕಟ್ಟಿ, ದೀಪ ತುಂಬಿ, ಮೆರವಣಿಗೆಯಲ್ಲಿ ಹೊತ್ತು ತಂದು ಮೆಕಾಂಗ್‌ಗೆ ಬಿಡುತ್ತದೆ. ದೋಣಿ ಕಟ್ಟುವ ಕೆಲಸ ವಿಹಾರದ ಅಂಗಳಗಳಲ್ಲಿ ಹಲವು ದಿನ ಮುಂಚೆಯೇ ಶುರುವಾಗುತ್ತದೆ. ಒಂದು ವಾರ ಮೊದಲೇ ಬಂದವರು ಭಿಕ್ಷುಗಳೂ ಊರ ಹುಡುಗರೂ ಕೂಡಿ ಬಿದಿರು ಸೀಳುವುದನ್ನು, ಕಾಗದ ಅಂಟಿಸುವುದನ್ನು ನೋಡಬಹುದು. ಆ ವಾರ ಊರು ತುಂಬಿರುತ್ತದೆ. ಕೋಣೆಯನ್ನು ಮೊದಲೇ ಗೊತ್ತುಮಾಡಿಕೊಳ್ಳಬೇಕು.